ಹೊಸ ಎಸ್‌ಎಸ್‌ಡಿ ಹಾಕಿದ್ಮೇಲೆ ಹಳೇ 4 ಟಿಬಿ ಹಾರ್ಡ್ ಡಿಸ್ಕ್ ಕಾಣ್ತಿಲ್ಲ, ಡೇಟಾ ಹೋಗ್ಬಾರ್ದು, ಸಹಾಯ ಮಾಡಿ

ಮೂಕಡಿಸ್ಕ್
ಎಲ್ಲರಿಗೂ ನಮಸ್ಕಾರ. ಡೆಸ್ಕ್‌ಟಾಪ್‌ಗೆ ಹೊಸ ಎಂ.2 ಎನ್‌ವಿಎಂಇ ಎಸ್‌ಎಸ್‌ಡಿ (ಮದರ್‌ಬೋರ್ಡ್‌ನ ಸ್ಲಾಟ್‌ಗೇ ನೇರ ಕೂರೋದು) ಹಾಕಿ ಅದ್ರ ಮೇಲೆ ವಿಂಡೋಸ್ 11 ಪ್ರೊ ಫ್ರೆಶ್ ಆಗಿ ಇನ್‌ಸ್ಟಾಲ್ ಮಾಡಿದೀನಿ, ವಿಂಡೋಸ್ ಚೆನ್ನಾಗೇ ಓಡ್ತಿದೆ, ಆದ್ರೆ ಮೊದ್ಲಿಂದ ಒಳಗಿದ್ದ 4 ಟಿಬಿ ಹಾರ್ಡ್ ಡಿಸ್ಕ್ ದಿಸ್ ಪಿಸಿ ಒಳಗೆ ಕಾಣ್ತಾನೇ ಇಲ್ಲ. ಹಳೇ ವಿಂಡೋಸ್‌ನಲ್ಲಿ ಅದು ಇ ಡ್ರೈವ್ ಅಂತ ಬರ್ತಿತ್ತು, ಒಂದು ದಿನಾನೂ ತೊಂದ್ರೆ ಕೊಟ್ಟಿಲ್ಲ. ಹಳೇ ವಿಂಡೋಸ್ ಇದ್ದ ಚಿಕ್ಕ ಸಾಟಾ (ಕೇಬಲ್‌ನಲ್ಲಿ ಜೋಡಿಸೋ) ಎಸ್‌ಎಸ್‌ಡಿ ಬಿಚ್ಚಿ ಪಕ್ಕಕ್ಕೆ ಇಟ್ಟಿದೀನಿ. ಆ 4 ಟಿಬಿಯಲ್ಲಿ ಅಪ್ಪನ ದನಿ ಇರೋ ರೆಕಾರ್ಡಿಂಗ್‌ಗಳು ಇವೆ, ಅಪ್ಪ ಈಗಿಲ್ಲ. ಫೋಟೋ ಒಂದಷ್ಟು ಬೇರೆ ಕಡೆ ಇದೆ, ರೆಕಾರ್ಡಿಂಗ್ ಇರೋದು ಇದ್ರಲ್ಲಿ ಮಾತ್ರ. ಏನು ಮಾಡ್ಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡ್ಬಾರ್ದು ಹೇಳಿ.

ವೇಗದೂತ
ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಡಿಸ್ಕ್ ಮ್ಯಾನೇಜ್‌ಮೆಂಟ್ ಓಪನ್ ಮಾಡಿ. ನಾಟ್ ಇನಿಷಿಯಲೈಸ್ಡ್ ಅಂತ ಇದ್ರೆ ರೈಟ್ ಕ್ಲಿಕ್ ಮಾಡಿ ಇನಿಷಿಯಲೈಸ್ ಕೊಡಿ, ಆಮೇಲೆ ನ್ಯೂ ಸಿಂಪಲ್ ವಾಲ್ಯೂಮ್, ಲೆಟರ್ ಕೊಡಿ, ಮುಗೀತು.

ಸರ್ವರ್‌ಕೋಣೆ
ಮೂಕಡಿಸ್ಕ್ ಅವರೇ, ದಯವಿಟ್ಟು ಹಾಗೆ ಮಾಡ್ಬೇಡಿ. ಇನಿಷಿಯಲೈಸ್, ನ್ಯೂ ವಾಲ್ಯೂಮ್, ಫಾರ್ಮ್ಯಾಟ್ ಈ ಮೂರೂ ಖಾಲಿ ಡಿಸ್ಕ್‌ಗೆ ಮಾಡೋ ಕೆಲಸ. ಒಳಗೆ ಬೇಕಾದ್ದು ಇದ್ದಾಗ ವಿಂಡೋಸ್ ಎಷ್ಟೇ ಸಲ ಆ ಡಬ್ಬಿ ತೋರಿಸಿ ಕೇಳಿದ್ರೂ ಕ್ಯಾನ್ಸಲ್ ಒತ್ತಿ ಹೊರಗೆ ಬನ್ನಿ. ವಿಂಡೋಸ್‌ಗೆ ಅರ್ಥ ಆಗ್ದೇ ಇರೋ ಪಾರ್ಟಿಶನ್ ಇದ್ರೂ ಅದು ಫಾರ್ಮ್ಯಾಟ್ ಮಾಡ್ಲಾ ಅಂತಾನೇ ಕೇಳೋದು, ಒಳಗೆ ಲಿನಕ್ಸ್‌ನ ಎಕ್ಸ್ಟ್4 ಇರ್ಲಿ, ಮ್ಯಾಕ್‌ನ ಎಪಿಎಫ್‌ಎಸ್ ಇರ್ಲಿ, ಅದಕ್ಕೆ ಎಲ್ಲಾ ಒಂದೇ.

ಡಿಸ್ಕ್ ಕಾಣ್ತಿಲ್ಲ ಅನ್ನೋದು ಒಂದು ಕಾಯಿಲೆ ಅಲ್ಲ. ಪವರ್ ಹೋಗ್ಬೇಕು, ಡಿಸ್ಕ್ ತಿರುಗ್ಬೇಕು, ಮದರ್‌ಬೋರ್ಡ್ ಅಂದ್ರೆ ಬಯೋಸ್ ಅದನ್ನ ಗುರುತಿಸ್ಬೇಕು, ಆಮೇಲೆ ವಿಂಡೋಸ್‌ನ ಡ್ರೈವರ್ ಹಿಡೀಬೇಕು, ಆಮೇಲೆ ಪಾರ್ಟಿಶನ್ ಟೇಬಲ್ (ಡಿಸ್ಕ್ ಹೇಗೆ ಭಾಗ ಆಗಿದೆ ಅನ್ನೋ ಪಟ್ಟಿ) ಓದ್ಬೇಕು, ಆಮೇಲೆ ಫೈಲ್ ಸಿಸ್ಟಮ್, ಕೊನೇಗೆ ಒಂದು ಲೆಟರ್ ಅಂಟಿಸ್ಬೇಕು, ಆಗ ಮಾತ್ರ ದಿಸ್ ಪಿಸಿಯಲ್ಲಿ ಇ ಅಂತ ಬರೋದು. ಇದ್ರಲ್ಲಿ ಯಾವ ಹಂತದಲ್ಲಿ ಕಳೆದುಹೋಗಿದೆ ಅಂತ ಗೊತ್ತಾಗೋ ತನಕ ಏನನ್ನೂ ರಿಪೇರಿ ಮಾಡೋಕೆ ಹೋಗ್ಬಾರ್ದು. ಅರ್ಧ ಜನ ಲೆಟರ್ ಇಲ್ದೇ ಇರೋ ಡಿಸ್ಕ್‌ಗೆ ಕೇಬಲ್ ಬದಲಾಯಿಸ್ತಾರೆ, ಇನ್ನರ್ಧ ಜನ ಪವರೇ ಹೋಗದ ಡಿಸ್ಕ್‌ಗೆ ಡ್ರೈವರ್ ಹುಡುಕ್ತಾರೆ.

ಹಾಗಾಗಿ ನನ್ನ ಮೊದಲ ಪ್ರಶ್ನೆ ಒಂದೇ. ರೀಸ್ಟಾರ್ಟ್ ಮಾಡಿ ಬಯೋಸ್ ಒಳಗೆ ಹೋಗಿ (ಹೆಚ್ಚಿನ ಬೋರ್ಡ್‌ಗಳಲ್ಲಿ ಡಿಲೀಟ್ ಅಥವಾ ಎಫ್2 ಕೀ), ಸಾಟಾ ಅಥವಾ ಸ್ಟೋರೇಜ್ ಅನ್ನೋ ಪುಟದಲ್ಲಿ ನಿಮ್ಮ ಡಿಸ್ಕ್‌ನ ಮಾಡೆಲ್ ನಂಬರ್ ಇದೆಯಾ ನೋಡಿ. ಬೂಟ್ ಲಿಸ್ಟ್‌ನಲ್ಲಿ ನೋಡಿದ್ರೆ ಸಾಲಲ್ಲ, ಬೂಟ್ ಆಗದ ಡಿಸ್ಕ್ ಅಲ್ಲಿ ಬರ್ದೇ ಇರಬಹುದು. ಅಲ್ಲಿ ಇದ್ರೆ ತೊಂದ್ರೆ ವಿಂಡೋಸ್ ಕಡೆ, ಇಲ್ದಿದ್ರೆ ವಿಂಡೋಸ್‌ನಲ್ಲಿ ಏನು ಮಾಡಿದ್ರೂ ಉಪಯೋಗ ಇಲ್ಲ.

ವೇಗದೂತ
ಸರ್, ಇನಿಷಿಯಲೈಸ್ ಮಾಡಿದ್ರೆ ಡೇಟಾ ಅಳಿಸಿ ಹೋಗೋದಿಲ್ಲ, ಪಾರ್ಟಿಶನ್ ಟೇಬಲ್ ಮಾತ್ರ ಹೊಸದಾಗಿ ಬರೆಯುತ್ತೆ. ಟೆಸ್ಟ್‌ಡಿಸ್ಕ್ ಅನ್ನೋ ರಿಕವರಿ ಸಾಫ್ಟ್‌ವೇರ್ ಹಾಕಿ ವಾಪಸ್ ತರಬಹುದು, ನಾನು ಬೇಕಾದಷ್ಟು ಸಲ ತಂದಿದೀನಿ.

ಸರ್ವರ್‌ಕೋಣೆ
ನೀವು ಹೇಳೋದು ತಾಂತ್ರಿಕವಾಗಿ ಸರಿ. ಆದ್ರೆ ಪುಸ್ತಕದ ಪರಿವಿಡಿ ಹರಿದುಹಾಕಿ ಆಮೇಲೆ ಪುಟ ಪುಟ ತಿರುವಿ ಯಾವ ಅಧ್ಯಾಯ ಎಲ್ಲಿ ಶುರುವಾಗುತ್ತೆ ಅಂತ ಹುಡುಕೋ ಕೆಲಸ ಅದು, ಪರಿವಿಡಿ ಚೆನ್ನಾಗೇ ಇರೋವಾಗ ಯಾಕೆ ಹರೀಬೇಕು? ಮತ್ತೆ ನೀವು ಇನಿಷಿಯಲೈಸ್ ಹತ್ರ ನಿಲ್ಸಿಲ್ಲ, ನ್ಯೂ ಸಿಂಪಲ್ ವಾಲ್ಯೂಮ್ ತನಕ ಹೋದ್ರಿ. ಅಲ್ಲಿ ಕ್ವಿಕ್ ಫಾರ್ಮ್ಯಾಟ್ ಆಗುತ್ತೆ, ಹೊಸ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ಸಿಸ್ಟಮ್) ತನ್ನ ಎಂಎಫ್‌ಟಿಯನ್ನ (ಎಲ್ಲಾ ಫೈಲ್‌ಗಳ ಪಟ್ಟಿ) ಡಿಸ್ಕ್ ಮೇಲೆ ಬರೆದುಬಿಡುತ್ತೆ, ಹಳೇ ಎಂಎಫ್‌ಟಿ ಅದೇ ಜಾಗದಲ್ಲಿ ಇದ್ರೆ ಫೈಲ್ ಹೆಸರು, ಫೋಲ್ಡರ್ ಹೆಸರು ಹೋದಹಾಗೇ ಲೆಕ್ಕ. ರೆಕಾರ್ಡಿಂಗ್‌ಗಳು ಹೆಸರಿಲ್ಲದ ಸಾವಿರಾರು ಫೈಲ್ ಮಧ್ಯೆ ಸಿಕ್ರೆ ಅವರು ಏನು ಮಾಡ್ಬೇಕು.

ಮೂಕಡಿಸ್ಕ್
ಏನನ್ನೂ ಒತ್ತಿಲ್ಲ, ಕ್ಯಾನ್ಸಲ್ ಮಾಡೋ ಪ್ರಮೇಯಾನೂ ಬರ್ಲಿಲ್ಲ ಯಾಕಂದ್ರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೂ ಆ ಡಿಸ್ಕ್ ಇಲ್ಲ, ಹೊಸ ಎಸ್‌ಎಸ್‌ಡಿ ಒಂದೇ ತೋರಿಸ್ತಿದೆ. ಬಯೋಸ್‌ನಲ್ಲಿ ಸಾಟಾ ಪುಟ ನೋಡ್ದೆ, ಎಲ್ಲಾ ಪೋರ್ಟ್ ಮುಂದೆನೂ ಎಂಪ್ಟಿ ಅಂತಿದೆ. ಆದ್ರೆ ಡಿಸ್ಕ್ ಮೇಲೆ ಬೆರಳಿಟ್ರೆ ಸಣ್ಣಗೆ ಕಂಪನ ಗೊತ್ತಾಗುತ್ತೆ, ಪವರ್ ಕೊಟ್ಟ ತಕ್ಷಣ ಗುಂಯ್ ಅಂತ ಏರೋ ಸದ್ದೂ ಬರುತ್ತೆ. ಟಿಕ್ ಟಿಕ್ ಸದ್ದು ಇಲ್ಲ.

ಸ್ಕ್ರೂಡ್ರೈವರ್
ಬಯೋಸಲ್ಲೇ ಇಲ್ಲ ಅಂದ್ರೆ ಹಾರ್ಡ್‌ವೇರ್ ಕಡೆ ನೋಡ್ಬೇಕು, ಸದ್ಯ ಇದು ಒಳ್ಳೆ ಸುದ್ದಿನೇ ಮಾರಾಯ್ರೆ. ತಿರುಗ್ತಿದೆ ಅಂದ್ರೆ ಪವರ್ ಸರಿ ಇದೆ. ಇನ್ನು ಉಳಿಯೋದು ಡೇಟಾ ಕೇಬಲ್ ಮತ್ತೆ ಪೋರ್ಟ್. ಸಾಟಾ ಕೇಬಲ್‌ನ ಎರಡೂ ಕಡೆ ಕಿತ್ತು ಮತ್ತೆ ಹಾಕಿ, ಒಳಗೆ ಕೈ ಹಾಕಿ ಎಸ್‌ಎಸ್‌ಡಿ ಕೂರಿಸೋವಾಗ ಹಳೇ ಕೇಬಲ್ ಅರ್ಧ ಎದ್ದಿರೋದು ತುಂಬಾ ಸಾಮಾನ್ಯ. ಕ್ಲಿಪ್ ಇಲ್ಲದ ಕೇಬಲ್ ಆದ್ರೆ ನಂಬಲೇಬೇಡಿ, ಬದಲಾಯಿಸಿ. ಒಳಗಿನ ಸಾಟಾ ಕನೆಕ್ಟರ್‌ಗಳನ್ನ ಡಿಸೈನ್ ಮಾಡಿರೋದೇ ಬರೀ 50 ಸಲ ಹಾಕಿ ತೆಗೆಯೋಕೆ ಅಂತ ಲೆಕ್ಕ ಇಟ್ಕೊಂಡು, ದಿನಾ ಕಿತ್ತು ಹಾಕೋ ಯುಎಸ್‌ಬಿ ತರ ಅಲ್ಲ.

ಇನ್ನೊಂದು ಮಾತು, ಇದನ್ನ ಓದ್ತಿರೋ ಎಲ್ಲರಿಗೂ. ಮಾಡ್ಯುಲರ್ ಪವರ್ ಸಪ್ಲೈ (ಕೇಬಲ್ ಕಳಚಿ ಹಾಕೋ ಮಾದರಿ) ಇರೋರು ಒಂದು ಪವರ್ ಸಪ್ಲೈಯ ಕೇಬಲ್‌ನ ಇನ್ನೊಂದಕ್ಕೆ ಯಾವ ಕಾರಣಕ್ಕೂ ಹಾಕ್ಬೇಡಿ. ಡಿಸ್ಕ್ ಕಡೆ ತುದಿ ಎಲ್ಲಾ ಕಡೆ ಒಂದೇ ಸಾಟಾ, ಆದ್ರೆ ಪವರ್ ಸಪ್ಲೈ ಕಡೆ ತುದಿಗೆ ಯಾವ ಸ್ಟ್ಯಾಂಡರ್ಡೂ ಇಲ್ಲ, ಪ್ಲಗ್ ಆಕಾರ ಹೊಂದುತ್ತೆ, ಒಳಗಿನ ತಂತಿಗಳ ಜಾಗ ಬೇರೆ ಇರುತ್ತೆ. ಒಂದೇ ಕಂಪನಿಯ ಎರಡು ಮಾಡೆಲ್‌ಗಳ ನಡುವೆನೂ ವ್ಯತ್ಯಾಸ ಇರಬಹುದು. 5 ವೋಲ್ಟ್ ಹೋಗ್ಬೇಕಾದ ಕಡೆ 12 ವೋಲ್ಟ್ ಹೋದ್ರೆ ಆ ಕೇಬಲ್‌ಗೆ ಹಾಕಿರೋ ಎಲ್ಲಾ ಡಿಸ್ಕ್ ಒಂದೇ ಸಲಕ್ಕೆ ಹೋಗ್ತವೆ. ಕೆಟ್ಟಿದ್ಯಾ ನೋಡೋಣ ಅಂತ ಒಂದಾದ್ಮೇಲೆ ಒಂದು ಡಿಸ್ಕ್ ಅದೇ ಕೇಬಲ್‌ಗೆ ಹಾಕಿ ಎಲ್ಲಾ ಕಳ್ಕೊಂಡವರನ್ನ ನೋಡಿದೀನಿ, ಹೊಟ್ಟೆ ಉರಿಯುತ್ತೆ. ಪವರ್ ಸಪ್ಲೈ ಬದಲಾಯಿಸಿದ್ರೆ ಅದ್ರ ಜೊತೆ ಬಂದ ಕೇಬಲ್ಲೇ ಹಾಕಿ, ಹಳೇದೆಲ್ಲ ಎಳೆಯೋದು ಎಷ್ಟೇ ಬೇಜಾರಾದ್ರೂ.

ಸರ್ವರ್‌ಕೋಣೆ
ಕೇಬಲ್ ನೋಡಿ, ಆದ್ರೆ ನನ್ನ ಅನುಮಾನ ಬೇರೆ ಕಡೆ ಇದೆ. ಮೊನ್ನೆ ತನಕ ಸರಿ ಇದ್ದ ಡಿಸ್ಕ್, ಎಂ.2 ಹಾಕಿದ ತಕ್ಷಣ ಕಾಣೆ. ಬೋರ್ಡ್‌ನಲ್ಲಿ ಎರಡು ಎಂ.2 ಸ್ಲಾಟ್ ಇದ್ರೆ ನೀವು ಯಾವುದಕ್ಕೆ ಹಾಕಿದ್ರಿ, ಹಾರ್ಡ್ ಡಿಸ್ಕ್ ಯಾವ ನಂಬರ್ ಸಾಟಾ ಪೋರ್ಟ್‌ನಲ್ಲಿದೆ, ಎರಡೂ ಹೇಳಿ.

ಕಾರಣ ಏನಂದ್ರೆ ಮದರ್‌ಬೋರ್ಡ್‌ನ ಚಿಪ್‌ಸೆಟ್‌ನಿಂದ ಹೊರಗೆ ಬರೋ ಲೇನ್‌ಗಳು (ಡೇಟಾ ಹೋಗೋ ದಾರಿಗಳು) ಲೆಕ್ಕಕ್ಕೆ ಇಷ್ಟೇ ಅಂತ ಇರ್ತವೆ, ಕೆಲವು ಲೇನ್‌ಗಳನ್ನ ಪಿಸಿಐ ಎಕ್ಸ್‌ಪ್ರೆಸ್ ಆಗಿಯೋ ಸಾಟಾ ಆಗಿಯೋ ಬಳಸಬಹುದು, ಎರಡೂ ಒಟ್ಟಿಗೆ ಆಗಲ್ಲ. ಹಾಗಾಗಿ ಎಷ್ಟೋ ಬೋರ್ಡ್‌ಗಳಲ್ಲಿ ಒಂದು ಎಂ.2 ಸ್ಲಾಟ್ ತುಂಬಿದ ತಕ್ಷಣ ಒಂದೆರಡು ಸಾಟಾ ಪೋರ್ಟ್ ತಾನಾಗೇ ಆಫ್ ಆಗುತ್ತೆ. ಎಚ್ಚರಿಕೆ ಸಂದೇಶ ಏನೂ ಬರಲ್ಲ. ಮದರ್‌ಬೋರ್ಡ್ ಮ್ಯಾನುಯಲ್‌ನಲ್ಲಿ ಸ್ಟೋರೇಜ್ ಪುಟದ ಕೆಳಗೆ ಚಿಕ್ಕ ಅಕ್ಷರದಲ್ಲಿ ಒಂದು ಸಾಲು ಇರುತ್ತೆ, ಅಷ್ಟೇ. ನಿಮ್ಮ ಬೋರ್ಡ್‌ನ ಮ್ಯಾನುಯಲ್ ಪಿಡಿಎಫ್ ಇಳಿಸ್ಕೊಂಡು ಎಂ.2 ಅಂತ ಸರ್ಚ್ ಮಾಡಿ.

ಹೊಸಲ್ಯಾಪ್‌ಟಾಪ್
ಇದೇ ಜಾಗದಲ್ಲಿ ಕೇಳ್ತಿದೀನಿ ಕ್ಷಮಿಸಿ, ವಿಷಯ ಹತ್ತಿರದ್ದೇ. ನನ್ನ ಲ್ಯಾಪ್‌ಟಾಪ್‌ಗೆ ವಿಂಡೋಸ್ ಹೊಸದಾಗಿ ಹಾಕೋಣ ಅಂತ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದ್ರೆ ಯಾವ ಡಿಸ್ಕ್ ಮೇಲೆ ಹಾಕ್ಬೇಕು ಅನ್ನೋ ಲಿಸ್ಟ್ ಖಾಲಿ ಬರುತ್ತೆ. ಬಯೋಸಲ್ಲಿ ಎಸ್‌ಎಸ್‌ಡಿ ಹೆಸರು ಸರಿಯಾಗಿದೆ. ಇಂಟೆಲ್ 12ನೇ ಜನರೇಷನ್. ಎಸ್‌ಎಸ್‌ಡಿ ಕೆಟ್ಟಿರಬಹುದಾ?

ಸರ್ವರ್‌ಕೋಣೆ
@ಹೊಸಲ್ಯಾಪ್‌ಟಾಪ್ ಕೆಟ್ಟಿಲ್ಲ, ಬಹುತೇಕ ವಿಎಂಡಿ. 11ನೇ ಜನರೇಷನ್‌ನಿಂದ ಈಚೆಗೆ ಬಂದ ಎಷ್ಟೋ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ವಿಎಂಡಿ ಅನ್ನೋ ಕಂಟ್ರೋಲರ್‌ನ ಹಿಂದೆ ಕೂತಿರುತ್ತೆ, ಅದ್ರ ಡ್ರೈವರ್ ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಇಲ್ದಿದ್ರೆ ಡಿಸ್ಕ್ ಕಾಣಲ್ಲ. ನಿಮ್ಮ ಲ್ಯಾಪ್‌ಟಾಪ್ ಮಾಡೆಲ್‌ನ ಸಪೋರ್ಟ್ ಪುಟದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಚ್ಚಿದ ಫೋಲ್ಡರ್ ಅದೇ ಪೆನ್‌ಡ್ರೈವ್‌ಗೆ ಹಾಕಿ, ಆ ಖಾಲಿ ಲಿಸ್ಟ್ ಬರೋ ಪುಟದಲ್ಲಿ ಲೋಡ್ ಡ್ರೈವರ್ ಒತ್ತಿ ಫೋಲ್ಡರ್ ತೋರ್ಸಿ. ಇಎಕ್ಸ್‌ಇ ಫೈಲ್ ಹಾಗೇ ಹಾಕಿದ್ರೆ ಆಗಲ್ಲ, ಒಳಗೆ ಐಎನ್‌ಎಫ್ ಫೈಲ್ ಇರೋ ಫೋಲ್ಡರ್ ಬೇಕು.

ಬಯೋಸಲ್ಲಿ ವಿಎಂಡಿ ಆಫ್ ಮಾಡಿದ್ರೂ ಡಿಸ್ಕ್ ಬರುತ್ತೆ, ಹೊಸದಾಗೇ ಹಾಕ್ತಿರೋದ್ರಿಂದ ನಿಮಗೆ ಅದೂ ನಡೆಯುತ್ತೆ. ಆದ್ರೆ ಈಗಾಗ್ಲೇ ವಿಂಡೋಸ್ ಓಡ್ತಿರೋ ಮಷಿನ್‌ನಲ್ಲಿ ಸುಮ್ನೆ ಹೋಗಿ ಅದನ್ನ ಆಫ್ ಮಾಡಿದ್ರೆ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತ ನೀಲಿ ಪರದೆ ಬರುತ್ತೆ. ಬೇಕೇ ಬೇಕಂದ್ರೆ ಮೊದ್ಲು ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಆಗೋವಾಗ ಬಯೋಸಲ್ಲಿ ಬದಲಾಯಿಸಿ, ಸೇಫ್ ಮೋಡ್ ತನಕ ಬಂದ್ಮೇಲೆ ಆ ಟಿಕ್ ತೆಗೀರಿ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ಆನ್ ಇದ್ರೆ ಇದಕ್ಕೆಲ್ಲಾ ಕೈ ಹಾಕೋ ಮುಂಚೆ ರಿಕವರಿ ಕೀ ಕಾಗದದ ಮೇಲೆ ಬರ್ಕೊಂಡು ಪಕ್ಕದಲ್ಲಿ ಇಟ್ಕೊಳ್ಳಿ, ಬಯೋಸ್ ಬದಲಾದ್ರೆ ಅದು ಕೀ ಕೇಳುತ್ತೆ.

ಹೊಸಲ್ಯಾಪ್‌ಟಾಪ್
ಡ್ರೈವರ್ ಲೋಡ್ ಮಾಡಿದ ಕೂಡಲೇ ಡಿಸ್ಕ್ ಬಂತು! ತುಂಬಾ ಥ್ಯಾಂಕ್ಸ್ ಸರ್.

ಮೂಕಡಿಸ್ಕ್
ಸರ್ವರ್‌ಕೋಣೆ ಸರ್, ಮ್ಯಾನುಯಲ್‌ನಲ್ಲಿ ನೀವು ಹೇಳಿದ ಸಾಲು ಇದೆ. ಎರಡನೇ ಎಂ.2 ಸ್ಲಾಟ್ ಬಳಸಿದ್ರೆ ಸಾಟಾ 5 ಮತ್ತು 6 ಕೆಲಸ ಮಾಡಲ್ಲ ಅಂತ ಬರೆದಿದಾರೆ. ಮೊದಲನೇ ಸ್ಲಾಟ್ ಗ್ರಾಫಿಕ್ಸ್ ಕಾರ್ಡ್ ಕೆಳಗೆ ಬರೋದ್ರಿಂದ ಎಸ್‌ಎಸ್‌ಡಿ ಎರಡನೇದ್ರಲ್ಲಿ ಇದೆ, ಹಾರ್ಡ್ ಡಿಸ್ಕ್ ಸಾಟಾ 5ರಲ್ಲಿ. ಕೇಬಲ್ ಬದಲಾಯಿಸಿ ಸಾಟಾ 1ಕ್ಕೆ ಹಾಕ್ದೆ, ಬಯೋಸಲ್ಲಿ ಡಿಸ್ಕ್ ಮಾಡೆಲ್ ನಂಬರ್ ಸಮೇತ ಬಂತು, ಕಣ್ಣಲ್ಲಿ ನೀರೇ ಬಂದ್ಬಿಡ್ತು.

ಆದ್ರೆ ವಿಂಡೋಸ್‌ನಲ್ಲಿ ಇನ್ನೂ ಇ ಡ್ರೈವ್ ಇಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಸ್ಕ್ ಬಂದಿದೆ, ಎಡಗಡೆ ಒಂದು ಸಣ್ಣ ಹಳದಿ ಗುರುತು, ಡೈನಾಮಿಕ್ ಅಂತ, ಕೆಳಗೆ ಫಾರಿನ್ ಅಂತ ಬರೆದಿದೆ. ಇದೇನು? ಏನೂ ಮುಟ್ಟಿಲ್ಲ.

ವೇಗದೂತ
ಡೈನಾಮಿಕ್ ಡಿಸ್ಕ್ ಹಳೇ ಕಾಲದ್ದು, ರೈಟ್ ಕ್ಲಿಕ್ ಮಾಡಿದ್ರೆ ಕನ್ವರ್ಟ್ ಟು ಬೇಸಿಕ್ ಡಿಸ್ಕ್ ಅಂತ ಬರುತ್ತೆ, ಅದನ್ನ ಕೊಡಿ.

ಸರ್ವರ್‌ಕೋಣೆ
ಬೇಡ. ಬೇಡ. ಕನ್ವರ್ಟ್ ಟು ಬೇಸಿಕ್ ಅಂದ್ರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನ ಭಾಷೆಯಲ್ಲಿ ಅದ್ರ ಮೇಲಿನ ಎಲ್ಲಾ ವಾಲ್ಯೂಮ್ ಅಳಿಸಿ ಖಾಲಿ ಮಾಡು ಅಂತ ಅರ್ಥ. ಫಾರಿನ್ ಡಿಸ್ಕ್‌ಗೆ ಅದನ್ನ ಕೊಟ್ರೆ ಎಲ್ಲಾ ಹೋಗುತ್ತೆ. ವೇಗದೂತ ಅವರೇ, ನಿಮಗೆ ಸಹಾಯ ಮಾಡೋ ಮನಸ್ಸಿದೆ, ಒಪ್ತೀನಿ, ಆದ್ರೆ ಡೇಟಾ ಇರೋ ಡಿಸ್ಕ್ ವಿಷಯದಲ್ಲಿ ಒಂದು ಸಾಲಿನ ಉತ್ತರ ಅಪಾಯ.

ಮೂಕಡಿಸ್ಕ್ ಅವರೇ, ಹೆದರ್ಬೇಡಿ. ಡೈನಾಮಿಕ್ ಡಿಸ್ಕ್ (ಬೇರೆ ಬೇರೆ ಕಡೆಯ ಜಾಗ ಸೇರಿಸಿ ಒಂದೇ ವಾಲ್ಯೂಮ್ ಮಾಡೋಕೆ ಬಿಡೋ ವಿಂಡೋಸ್‌ನ ಹಳೇ ಪದ್ಧತಿ) ತಾನು ಯಾವ ಕಂಪ್ಯೂಟರ್‌ಗೆ ಸೇರಿದ್ದು ಅನ್ನೋದನ್ನ ತನ್ನ ಒಳಗೇ ಒಂದು ಸಣ್ಣ ಡೇಟಾಬೇಸ್‌ನಲ್ಲಿ ಬರ್ಕೊಂಡಿರುತ್ತೆ. ನೀವು ವಿಂಡೋಸ್ ಹೊಸದಾಗಿ ಹಾಕಿದ್ರಿಂದ ಅದ್ರ ಲೆಕ್ಕಕ್ಕೆ ಇದು ಬೇರೆ ಕಂಪ್ಯೂಟರ್, ಅದಕ್ಕೇ ಫಾರಿನ್. ಒಳಗಿರೋ ಫೈಲ್‌ಗಳಿಗೂ ಇದಕ್ಕೂ ಸಂಬಂಧ ಇಲ್ಲ. ಹಿಂದೆ ಯಾವಾಗ್ಲಾದ್ರೂ ಆ ಡಿಸ್ಕ್‌ನ ಒಂದು ಪಾರ್ಟಿಶನ್ ದೊಡ್ಡದು ಮಾಡೋಕೆ ಎಕ್ಸ್‌ಟೆಂಡ್ ಕೊಟ್ಟಿದ್ರಾ? ಪಕ್ಕದಲ್ಲೇ ಅಂಟ್ಕೊಂಡಿರದ ಖಾಲಿ ಜಾಗ ಸೇರಿಸೋವಾಗ ವಿಂಡೋಸ್ ಡಿಸ್ಕ್‌ನ ಡೈನಾಮಿಕ್ ಮಾಡುತ್ತೆ.

ರೈಟ್ ಕ್ಲಿಕ್ ಮಾಡಿದ್ರೆ ಇಂಪೋರ್ಟ್ ಫಾರಿನ್ ಡಿಸ್ಕ್ಸ್ ಅಂತ ಇರುತ್ತೆ, ನಮಗೆ ಬೇಕಾಗಿರೋದು ಅದು. ಆದ್ರೆ ಅದಕ್ಕೆ ಮುಂಚೆ ಎರಡು ವಿಷಯ. ಆ ವಾಲ್ಯೂಮ್ ಈ ಒಂದೇ ಡಿಸ್ಕ್‌ನಲ್ಲಿ ಇತ್ತಾ, ಇಲ್ಲಾ ಆ ತೆಗೆದಿಟ್ಟ ಚಿಕ್ಕ ಎಸ್‌ಎಸ್‌ಡಿಯ ಒಂದಷ್ಟು ಜಾಗನೂ ಸೇರಿಸ್ಕೊಂಡಿತ್ತಾ? ಸೇರಿಸ್ಕೊಂಡಿದ್ರೆ ಎರಡೂ ಡಿಸ್ಕ್ ಹಾಕಿಯೇ ಒಟ್ಟಿಗೆ ಇಂಪೋರ್ಟ್ ಮಾಡ್ಬೇಕು. ಎರಡನೇದು, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಡಿಸ್ಕ್‌ನ ಆರೋಗ್ಯ ನೋಡಿ, ಅದಕ್ಕೆ ಡ್ರೈವ್ ಲೆಟರ್ ಬೇಕಿಲ್ಲ. 05, ಸಿ5, ಸಿ6, ಸಿ7 ಅನ್ನೋ ನಾಲ್ಕು ಸಾಲಿನ ರಾ ವ್ಯಾಲ್ಯೂ ಇಲ್ಲಿ ಹಾಕಿ.

ಪೆಂಗ್ವಿನ್‌ಪ್ರಿಯ
ಅದನ್ನ ಬಿಡಿಸಿ ಹೇಳ್ತೀನಿ ಯಾಕಂದ್ರೆ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡೋ ಲೆಕ್ಕ) ನೋಡಿ ಅಂತ ಎಲ್ಲರೂ ಹೇಳ್ತಾರೆ, ಏನು ನೋಡ್ಬೇಕು ಅಂತ ಯಾರೂ ಹೇಳಲ್ಲ. 05 ಅಂದ್ರೆ ಕೆಟ್ಟ ಸೆಕ್ಟರ್ (ಡಿಸ್ಕ್‌ನ ಸಣ್ಣ ತುಂಡು) ಬಿಟ್ಟು ಬದಲಿ ಜಾಗಕ್ಕೆ ಕಳಿಸಿರೋ ಲೆಕ್ಕ. ಸಿ5 ಅಂದ್ರೆ ದಶಮಾಂಶ ಎಣಿಕೆಯಲ್ಲಿ 197, ಓದೋಕೆ ಆಗ್ದೆ ತೀರ್ಮಾನಕ್ಕೆ ಕಾಯ್ತಿರೋ ಸೆಕ್ಟರ್, ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಭಯ ಪಡ್ಬೇಕಾದ್ದು ಇದಕ್ಕೆ. ಸಿ6 ಅಂದ್ರೆ 198, ಸರಿಪಡಿಸೋಕೆ ಆಗ್ದೇ ಇರೋದು. ಸಿ7 ಅಂದ್ರೆ 199 ಮಾತ್ರ ಬೇರೆ ಜಾತಿ, ಅದು ಡಿಸ್ಕ್ ಮತ್ತೆ ಬೋರ್ಡ್ ನಡುವೆ ಮಾತುಕತೆಯಲ್ಲಿ ಆದ ತಪ್ಪಿನ ಲೆಕ್ಕ, ಹೆಚ್ಚಿನ ಸಲ ಕೇಬಲ್ ದೋಷ. ಅದು ಏರುತ್ತೆ, ಇಳಿಯಲ್ಲ, ಕೇಬಲ್ ಬದಲಾಯಿಸಿದ್ರೂ ಹಳೇ ನಂಬರ್ ಹಾಗೇ ಇರುತ್ತೆ, ಇನ್ನೂ ಏರ್ತಿದ್ಯಾ ಅನ್ನೋದೇ ಮುಖ್ಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ರಾ ವ್ಯಾಲ್ಯೂನ ಹೆಕ್ಸ್‌ನಲ್ಲಿ (16ರ ಎಣಿಕೆ) ತೋರಿಸುತ್ತೆ, ಸೆಟ್ಟಿಂಗ್‌ನಲ್ಲಿ ದಶಮಾಂಶಕ್ಕೆ ಬದಲಾಯಿಸ್ಕೊಳ್ಳಿ.

ಒಂದು ವೇಳೆ ಸಿ5 ಸೊನ್ನೆ ಅಲ್ಲ ಅಂದ್ರೆ ಇಂಪೋರ್ಟೂ ಬೇಡ, ಚೆಕ್‌ಡಿಸ್ಕ್ ಅಂತೂ ಬೇಡವೇ ಬೇಡ. ಚೆಕ್‌ಡಿಸ್ಕ್ ಕೆಲಸ ಫೈಲ್ ಸಿಸ್ಟಮ್‌ನ ಸರಿ ಮಾಡೋದು, ನಿಮ್ಮ ಫೈಲ್ ಉಳಿಸೋದು ಅಲ್ಲ, ಸಾಯ್ತಿರೋ ಡಿಸ್ಕ್ ಮೇಲೆ ಓಡಿಸಿದ್ರೆ ಅದು ಡಿಸ್ಕ್‌ನ ಕೊನೇ ಗಂಟೆಗಳನ್ನೂ ತಿಂದುಹಾಕುತ್ತೆ. ಆಗ ಲಿನಕ್ಸ್ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಗ್ನೂ ಡಿಡಿರೆಸ್ಕ್ಯೂ ಹಾಕಿ ಇಷ್ಟೇ ಗಾತ್ರದ ಅಥವಾ ದೊಡ್ಡ ಇನ್ನೊಂದು ಡಿಸ್ಕ್‌ಗೆ ಪೂರ್ತಿ ನಕಲು ತೆಗೀಬೇಕು. ಅದು ಸುಲಭವಾಗಿ ಓದೋಕೆ ಬರೋ ಜಾಗ ಮೊದ್ಲು ಓದಿಕೊಂಡು, ಕಷ್ಟದ ಜಾಗಕ್ಕೆ ಆಮೇಲೆ ಬರುತ್ತೆ, ಎಲ್ಲಿ ತನಕ ಆಯ್ತು ಅನ್ನೋದನ್ನ ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತೆ, ನಡುವೆ ನಿಂತ್ರೂ ಮುಂದುವರಿಸಬಹುದು. ರಿಕವರಿ ಎಲ್ಲಾ ಆ ನಕಲಿನ ಮೇಲೆ ಮಾಡೋದು, ಅಸಲಿನ ಮೇಲೆ ಅಲ್ಲ.

ಸದ್ದುಗದ್ದಲ
ನನ್ನದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಯುಎಸ್‌ಬಿ ಹಾಕಿದ್ರೆ ಲೈಟ್ ಉರಿಯುತ್ತೆ, ಟಕ್ ಟಕ್ ಟಕ್ ಅಂತ ಒಂದೇ ತಾಳದಲ್ಲಿ ಸದ್ದು ಬಂದು ನಿಂತುಹೋಗುತ್ತೆ. ಕಂಪ್ಯೂಟರ್ ಗುರುತಿಸಲ್ಲ. ಪ್ಲಾಸ್ಟಿಕ್ ಕವರಲ್ಲಿ ಹಾಕಿ ಫ್ರೀಜರ್‌ನಲ್ಲಿಟ್ರೆ ಸರಿಯಾಗುತ್ತೆ ಅಂತ ಒಬ್ರು ಹೇಳಿದ್ರು.

ಸ್ಕ್ರೂಡ್ರೈವರ್
ಫ್ರೀಜರ್ ಬೇಡ ಮಾರಾಯ್ರೆ! ಹೊರಗೆ ತೆಗೆದ ಕೂಡಲೇ ಒಳಗೆ ಡೇಟಾ ಇರೋ ತಣ್ಣಗಿನ ತಟ್ಟೆ ಮೇಲೆ ತೇವ ಕೂರುತ್ತೆ, ಅದನ್ನ ಓದೋ ತಲೆ (ಹೆಡ್) ಮತ್ತೆ ತಟ್ಟೆ ನಡುವಿನ ಅಂತರ ನ್ಯಾನೋಮೀಟರ್ ಲೆಕ್ಕದಲ್ಲಿರುತ್ತೆ, ಒಂದು ಧೂಳಿನ ಕಣಾನೇ ಅಲ್ಲಿ ಬಂಡೆ ಇದ್ದಂಗೆ, ಇನ್ನು ನೀರು ಅಂದ್ರೆ ಏನು ಕಥೆ.

ಮೊದ್ಲು ಒಂದೇ ಒಂದು ಸಲ ಇದನ್ನ ಮಾಡಿ ನೋಡಿ: ಹಬ್ ತೆಗೆದು, ಕ್ಯಾಬಿನೆಟ್ ಮುಂದಿನ ಪೋರ್ಟ್ ಬಿಟ್ಟು, ಹಿಂದೆ ನೇರ ಮದರ್‌ಬೋರ್ಡ್‌ನ ಯುಎಸ್‌ಬಿ 3 ಪೋರ್ಟ್‌ಗೆ, ಬೇರೆ ಚಿಕ್ಕ ಕೇಬಲ್‌ನಲ್ಲಿ. ಯುಎಸ್‌ಬಿ 2 ಪೋರ್ಟ್ ಲೆಕ್ಕ ಪ್ರಕಾರ ಕೊಡೋದು 500 ಮಿಲಿಆಂಪ್, ಯುಎಸ್‌ಬಿ 3 ಕೊಡೋದು 900. ಎರಡೂವರೆ ಇಂಚಿನ ಡಿಸ್ಕ್ ತಿರುಗೋಕೆ ಶುರು ಮಾಡೋ ಕ್ಷಣದಲ್ಲಿ ಅದಕ್ಕಿಂತ ಜಾಸ್ತಿ ಎಳೆಯಬಹುದು, ಕರೆಂಟ್ ಸಾಲದಿದ್ರೂ ತಲೆ ಹೋಗಿ ಬಂದು ಟಕ್ ಟಕ್ ಅನ್ನುತ್ತೆ. ಪವರ್ ಸಾಕಷ್ಟು ಸಿಕ್ಮೇಲೂ ಅದೇ ಸದ್ದು ಬಂದ್ರೆ ಹೆಡ್ ಹೋಗಿದೆ ಅಂತಲೇ ತಿಳ್ಕೊಳ್ಳಿ, ತಕ್ಷಣ ಕೀಳಿ, ಮತ್ತೆ ಹಾಕ್ಬೇಡಿ. ಪ್ರತೀ ಸಲ ಹಾಕಿದಾಗ್ಲೂ ಕೆಟ್ಟ ಹೆಡ್ ತಟ್ಟೆಯ ಮೇಲ್ಮೈ ಗೀರ್ತಾ ಹೋಗುತ್ತೆ, ಗೀರಿದ ಜಾಗದ ಡೇಟಾ ಯಾರಿಗೂ ತರೋಕೆ ಆಗಲ್ಲ. ಡೇಟಾ ಬೇಕಾದ್ರೆ ಕ್ಲೀನ್ ರೂಮ್ ಇರೋ ರಿಕವರಿಯವರಿಗೇ ಕೊಡಿ, ಸಾಫ್ಟ್‌ವೇರ್‌ನಿಂದ ಆಗೋ ಕೆಲಸ ಅಲ್ಲ.

ಇನ್ನೊಂದು ಡಿಸ್ಕ್‌ನ ಸರ್ಕ್ಯೂಟ್ ಬೋರ್ಡ್ ಬಿಚ್ಚಿ ಇದಕ್ಕೆ ಹಾಕಿ ಅಂತಾನೂ ಯಾರಾದ್ರೂ ಹೇಳ್ತಾರೆ. ಈಗಿನ ಡಿಸ್ಕ್‌ಗಳ ಬೋರ್ಡ್ ಮೇಲಿನ ರೋಮ್ (ROM) ಚಿಪ್‌ನಲ್ಲಿ ಆ ಒಂದು ಡಿಸ್ಕ್‌ಗೆ ಮಾತ್ರ ಹೊಂದೋ ಮಾಹಿತಿ ಇರುತ್ತೆ, ಆ ಚಿಪ್ಪನ್ನೂ ವರ್ಗಾಯಿಸ್ದೆ ಬೋರ್ಡ್ ಒಂದೇ ಬದಲಾಯಿಸಿದ್ರೆ ಉಪಯೋಗ ಇಲ್ಲ, ಟಕ್ ಟಕ್‌ಗೆ ಅದು ಔಷಧಿನೂ ಅಲ್ಲ.

ಸದ್ದುಗದ್ದಲ
ಹಿಂದಿನ ಪೋರ್ಟ್, ಬೇರೆ ಕೇಬಲ್, ಅದೇ ಸದ್ದು. ಕಿತ್ತು ಇಟ್ಟಿದೀನಿ. ರಿಕವರಿಯವರನ್ನೇ ವಿಚಾರಿಸ್ತೀನಿ.

ಮೂಕಡಿಸ್ಕ್
ಕ್ರಿಸ್ಟಲ್‌ಡಿಸ್ಕ್‌ಇನ್ಫೋ ನೋಡ್ದೆ. ಗುಡ್ ಅಂತ ನೀಲಿ ಬಣ್ಣದಲ್ಲಿದೆ. 05 ಸೊನ್ನೆ, ಸಿ5 ಸೊನ್ನೆ, ಸಿ6 ಸೊನ್ನೆ, ಸಿ7 ಮಾತ್ರ 38. ಆ ವಾಲ್ಯೂಮ್ ಈ ಡಿಸ್ಕ್‌ನಲ್ಲಿ ಮಾತ್ರ ಇತ್ತು, ಚಿಕ್ಕ ಎಸ್‌ಎಸ್‌ಡಿ ಪೂರ್ತಿ ಸಿ ಡ್ರೈವ್ ಆಗಿತ್ತು. ಹೌದು, ಹಿಂದೆ ಎರಡು ಪಾರ್ಟಿಶನ್ ಒಂದು ಮಾಡಿದ್ದು ನೆನಪಿದೆ, ಆಗ್ಲೇ ಡೈನಾಮಿಕ್ ಆಗಿರ್ಬೇಕು.

ಸರ್ವರ್‌ಕೋಣೆ
ಡಿಸ್ಕ್ ಆರೋಗ್ಯವಾಗಿದೆ. ಆ 38 ಹಳೇ ಕೇಬಲ್‌ದು ಇರಬಹುದು, ನೀವು ಕೇಬಲ್ ಈಗಾಗ್ಲೇ ಬದಲಾಯಿಸಿದೀರಿ, ನಂಬರ್ ಬರ್ಕೊಂಡಿಡಿ.

ಈಗ ಡಿಸ್ಕ್ ಮೇಲೆ, ಅಂದ್ರೆ ಎಡಗಡೆಯ ಬೂದು ಡಬ್ಬಿ ಮೇಲೆ ರೈಟ್ ಕ್ಲಿಕ್, ಇಂಪೋರ್ಟ್ ಫಾರಿನ್ ಡಿಸ್ಕ್ಸ್. ಒಂದು ಪಟ್ಟಿ ಬರುತ್ತೆ, ಯಾವ ವಾಲ್ಯೂಮ್, ಎಷ್ಟು ಗಾತ್ರ, ಸ್ಥಿತಿ ಏನು ಅಂತ. ಸ್ಥಿತಿಯ ಕಾಲಂನಲ್ಲಿ ಓಕೆ ಅಂತ ಇದ್ರೆ ಮಾತ್ರ ಮುಂದೆ ಹೋಗಿ. ಡೇಟಾ ಇನ್‌ಕಂಪ್ಲೀಟ್ ಅಂತ ಇದ್ರೆ ಕ್ಯಾನ್ಸಲ್ ಮಾಡಿ ಇಲ್ಲಿ ಬರೀರಿ. ಇಂಪೋರ್ಟ್ ಆದ್ಮೇಲೂ ಲೆಟರ್ ಬರ್ದಿದ್ರೆ ಚೇಂಜ್ ಡ್ರೈವ್ ಲೆಟರ್‌ನಲ್ಲಿ ಇ ಕೊಡಿ.

ಪೆಂಗ್ವಿನ್‌ಪ್ರಿಯ
ಅಕಸ್ಮಾತ್ ಇಂಪೋರ್ಟ್ ಆಗ್ಲಿಲ್ಲ ಅಂದ್ರೂ ದಾರಿ ಇದೆ, ಲಿನಕ್ಸ್‌ನಲ್ಲಿ ಎಲ್‌ಡಿಎಂಟೂಲ್ ಅಂತ ಒಂದಿದೆ, ಅದು ವಿಂಡೋಸ್ ಡೈನಾಮಿಕ್ ಡಿಸ್ಕ್ ಓದುತ್ತೆ. ರೀಡ್ ಓನ್ಲಿ ಆಗಿ ಮೌಂಟ್ ಮಾಡಿ ಕಾಪಿ ತೆಗೀಬಹುದು. ಕಾಯ್ತಿರ್ತೀನಿ.

ಖಾಲಿಪೆಟ್ಟಿಗೆ
ನಡುವೆ ನನ್ನದೂ ಒಂದು. ದೊಡ್ಡ ಎಕ್ಸ್‌ಟರ್ನಲ್ ಡ್ರೈವ್‌ನ ಪ್ಲಾಸ್ಟಿಕ್ ಪೆಟ್ಟಿಗೆ ಬಿಚ್ಚಿ ಒಳಗಿನ ಮೂರೂವರೆ ಇಂಚಿನ ಡಿಸ್ಕ್ ಪಿಸಿಗೆ ಹಾಕಿದ್ರೆ ತಿರುಗೋದೇ ಇಲ್ಲ, ಸತ್ತ ಹಾಗಿದೆ. ವಾಪಸ್ ಪೆಟ್ಟಿಗೆಯ ಬೋರ್ಡ್‌ಗೆ ಹಾಕಿದ್ರೆ ಓಡುತ್ತೆ. ಖಾಲಿ ಡಿಸ್ಕ್, ಡೇಟಾ ಚಿಂತೆ ಇಲ್ಲ.

ಸ್ಕ್ರೂಡ್ರೈವರ್
ಡಿಸ್ಕ್ ಸತ್ತಿಲ್ಲ, ಮೂರನೇ ಪಿನ್ ಅದನ್ನ ಮಲಗಿಸಿದೆ. ಸಾಟಾ 3.3 ಸ್ಟ್ಯಾಂಡರ್ಡ್‌ನಲ್ಲಿ ಪವರ್ ಕನೆಕ್ಟರ್‌ನ 3ನೇ ಪಿನ್‌ಗೆ ಹೊಸ ಕೆಲಸ ಕೊಟ್ರು, ಅಲ್ಲಿ ವೋಲ್ಟೇಜ್ ಬಂದ್ರೆ ಡಿಸ್ಕ್ ಆಫ್ ಆಗ್ಬೇಕು ಅಂತ, ಡೇಟಾ ಸೆಂಟರ್‌ನಲ್ಲಿ ದೂರದಿಂದ ರೀಸೆಟ್ ಮಾಡೋಕೆ. ಹಳೇ ಪದ್ಧತಿಯ ಪವರ್ ಸಪ್ಲೈಗಳಲ್ಲಿ ಆ ಪಿನ್‌ಗೆ ಯಾವಾಗ್ಲೂ 3.3 ವೋಲ್ಟ್ ಇರುತ್ತೆ, ಹಾಗಾಗಿ ಡಿಸ್ಕ್ ಏಳೋದೇ ಇಲ್ಲ. ಕ್ಯಾಪ್ಟಾನ್ ಟೇಪ್ (ಕರೆಂಟ್ ಹರಿಯದ ಟೇಪ್) ಸಣ್ಣಗೆ ಕತ್ತರಿಸಿ ಆ ಪಿನ್ ಮುಚ್ಚಿ, ಇಲ್ಲಾ ನಾಲ್ಕು ಪಿನ್ನಿನ ಮೋಲೆಕ್ಸ್‌ನಿಂದ ಸಾಟಾಕ್ಕೆ ಬದಲಾಯಿಸೋ ಅಡಾಪ್ಟರ್ ಹಾಕಿ, ಮೋಲೆಕ್ಸ್‌ನಲ್ಲಿ 3.3 ವೋಲ್ಟ್ ತಂತಿನೇ ಇರಲ್ಲ. ಅಡಾಪ್ಟರ್ ತಗೊಂಡ್ರೆ ಕನೆಕ್ಟರ್ ಒಳಗೆ ತಂತಿ ಅಚ್ಚು ಹಾಕಿ ಮುಚ್ಚಿರೋದು ಬೇಡ, ತಂತಿ ಒತ್ತಿ ಕೂರಿಸಿರೋ ಕ್ರಿಂಪ್ ಮಾದರಿ ನೋಡಿ ತಗೊಳ್ಳಿ, ಅಚ್ಚಿನವು ಒಳಗೇ ಶಾರ್ಟ್ ಆಗಿ ಬೆಂಕಿ ಹತ್ಕೊಂಡಿರೋದುಂಟು.

ಡೇಟಾ ಇರೋ ಡಿಸ್ಕ್‌ನ ಪೆಟ್ಟಿಗೆ ಬಿಚ್ಚೋರಿಗೂ ಒಂದು ಮಾತು. ಕೆಲವು ಪೆಟ್ಟಿಗೆಯ ಬೋರ್ಡ್‌ಗಳು ನೀವು ಪಾಸ್‌ವರ್ಡ್ ಇಡದಿದ್ರೂ ಡೇಟಾನ ಎನ್‌ಕ್ರಿಪ್ಟ್ ಮಾಡ್ತವೆ, ಕೆಲವು ಸೆಕ್ಟರ್ ಗಾತ್ರನ 4096 ಬೈಟ್ ಅಂತ ಬದಲಾಯಿಸಿ ತೋರಿಸ್ತವೆ. ಅಂಥ ಡಿಸ್ಕ್‌ನ ನೇರ ಸಾಟಾಗೆ ಹಾಕಿದ್ರೆ ಖಾಲಿ ಡಿಸ್ಕ್ ಹಾಗೆ ಕಾಣುತ್ತೆ, ಇನಿಷಿಯಲೈಸ್ ಮಾಡ್ಲಾ ಅಂತಾನೂ ಕೇಳುತ್ತೆ. ಅಲ್ಲಿ ಒಪ್ಪಿಗೆ ಕೊಡದೆ ವಾಪಸ್ ಅದೇ ಬೋರ್ಡ್‌ಗೆ ಹಾಕಿ ನೋಡಿ.

ಮೂಕಡಿಸ್ಕ್
ಬಂತು! ಪಟ್ಟಿಯಲ್ಲಿ ಒಂದೇ ವಾಲ್ಯೂಮ್, ಸ್ಥಿತಿ ಓಕೆ ಅಂತಿತ್ತು, ಒತ್ತಿದ್ಮೇಲೆ ಎರಡು ಸೆಕೆಂಡ್‌ನಲ್ಲಿ ಇ ಡ್ರೈವ್ ತಾನಾಗೇ ಬಂತು. ಎಲ್ಲಾ ಫೋಲ್ಡರ್ ಇವೆ. ಅಪ್ಪನ ರೆಕಾರ್ಡಿಂಗ್ ಓಪನ್ ಮಾಡಿ ಕೇಳಿದ್ವಿ, ಅಮ್ಮನೂ ಪಕ್ಕದಲ್ಲೇ ಇದ್ರು. ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ತಿಳೀತಿಲ್ಲ. ಈಗ ಮೊದ್ಲು ಇನ್ನೊಂದು ಎಕ್ಸ್‌ಟರ್ನಲ್‌ಗೆ ಕಾಪಿ ಹಾಕ್ತಿದೀನಿ. ಇದನ್ನ ಡೈನಾಮಿಕ್ ಆಗೇ ಬಿಡ್ಲಾ?

ವೇಗದೂತ
ಅಭಿನಂದನೆ! ಇಂಪೋರ್ಟ್ ಆಯ್ಕೆ ಫಾರಿನ್ ಸ್ಥಿತಿಯಲ್ಲಿ ಮಾತ್ರ ಬರುತ್ತೆ ಅಂತ ಇವತ್ತು ತಿಳೀತು.

ಸರ್ವರ್‌ಕೋಣೆ
ತುಂಬಾ ಖುಷಿಯಾಯ್ತು. ಡೈನಾಮಿಕ್ ಆಗಿ ಬಿಡ್ಬೇಡಿ, ಮೈಕ್ರೋಸಾಫ್ಟ್‌ನವರೇ ಅದನ್ನ ಹೊಸ ಬಳಕೆಗೆ ಬೇಡ ಅಂತ ಪಕ್ಕಕ್ಕಿಟ್ಟಿದಾರೆ, ಮುಂದಿನ ಸಲ ವಿಂಡೋಸ್ ಹಾಕಿದಾಗ್ಲೂ ಇದೇ ಫಾರಿನ್ ಬರುತ್ತೆ. ಆದ್ರೆ ಅವಸರ ಇಲ್ಲ. ಕಾಪಿ ಮುಗಿದ್ಮೇಲೆ ಫೈಲ್‌ಗಳ ಸಂಖ್ಯೆ, ಒಟ್ಟು ಗಾತ್ರ ಎರಡೂ ಕಡೆ ಒಂದೇ ಇದೆಯಾ ನೋಡಿ, ರೆಕಾರ್ಡಿಂಗ್‌ಗಳನ್ನ ಎಕ್ಸ್‌ಟರ್ನಲ್‌ನಿಂದಲೇ ಒಂದಷ್ಟು ಓಡಿಸಿ ಕೇಳಿ. ರೆಕಾರ್ಡಿಂಗ್ ಫೋಲ್ಡರ್ ಮಾತ್ರ ಮೂರನೇ ಕಡೆನೂ ಹಾಕಿ, ಗಾತ್ರದಲ್ಲಿ ಅದು ಚಿಕ್ಕದೇ ಇರುತ್ತೆ. ಇಷ್ಟಾದ್ಮೇಲೆ 4 ಟಿಬಿ ಡಿಸ್ಕ್‌ನಲ್ಲಿ ವಾಲ್ಯೂಮ್ ಡಿಲೀಟ್ ಮಾಡಿ, ಆಗ ಕನ್ವರ್ಟ್ ಟು ಬೇಸಿಕ್ ಕೊಡಿ, ಪಾರ್ಟಿಶನ್ ಮಾದರಿ ಜಿಪಿಟಿ ಇರ್ಲಿ. ಎಂಬಿಆರ್ (ಹಳೇ ಮಾದರಿ) ಆದ್ರೆ 512 ಬೈಟ್ ಸೆಕ್ಟರ್ ಲೆಕ್ಕದಲ್ಲಿ 2 ಟಿಬಿಗಿಂತ ಆಚೆ ಹೋಗಲ್ಲ, ಉಳಿದರ್ಧ ಡಿಸ್ಕ್ ಬಳಸೋಕೇ ಬರಲ್ಲ. ಆ ಡಿಲೀಟ್ ಮಾಡೋ ಹೊತ್ತಿಗೆ ಎಕ್ಸ್‌ಟರ್ನಲ್ ಕಿತ್ತು ಪಕ್ಕಕ್ಕೆ ಇಡಿ, ತಪ್ಪು ಡಿಸ್ಕ್ ಆಯ್ಕೆ ಆಗೋ ಸಾಧ್ಯತೆನೇ ಇರ್ಬಾರ್ದು.

ಮೂಕಡಿಸ್ಕ್
ಹಾಗೇ ಮಾಡ್ತೀನಿ ಸರ್. ಕಾಪಿ ಅರ್ಧ ಆಗಿದೆ, ಸಿ7 ಮತ್ತೆ ನೋಡ್ದೆ, 38ರಲ್ಲೇ ನಿಂತಿದೆ. ಸಾಟಾ 5 ಮತ್ತೆ 6ರ ಮೇಲೆ ಬಳಸಬೇಡಿ ಅಂತ ಚೀಟಿ ಅಂಟಿಸಿದೀನಿ.